ಸಸಾನಿಯನ್ ಬೆಳ್ಳಿ ನಾಣ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತೆಳ್ಳಗಿನ, ಅಗಲವಾದ ಬೆಳ್ಳಿ ಬಿಲ್ಲೆ. ಒಂದು ಕಡೆ ರೆಕ್ಕೆಯ ಕಿರೀಟ ತೊಟ್ಟ ಗಡ್ಡದ ರಾಜ. ಇನ್ನೊಂದು ಕಡೆ ಉರಿಯುವ ಬೆಂಕಿ, ಅದರ ಎಡಬಲಕ್ಕೆ ಕತ್ತಿ ಹಿಡಿದು ನಿಂತ ಇಬ್ಬರು. ನಾಣ್ಯ ಮೇಳದಲ್ಲಿ ಇದನ್ನು ಮೊದಲ ಸಲ ಕಂಡವರು "ಇದು ಯಾವ ದೇಶದ್ದು?" ಅಂತ ಕೇಳಿಯೇ ಕೇಳುತ್ತಾರೆ. ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ನಾನು ಹಲವು ವರ್ಷಗಳಿಂದ ಈ ನಾಣ್ಯಗಳನ್ನು ಕೂಡಿಡುತ್ತಿದ್ದೇನೆ. ಸ್ನೇಹಿತರು, ಹೊಸ ಸಂಗ್ರಾಹಕರು ಕೇಳುವ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಬರೆದಿಡೋಣ ಅನ್ನಿಸಿತು. ನನ್ನ ಆಸೆ ಒಂದೇ. ಇವನ್ನು ಕೊಳ್ಳುವವರು ಓದಲೂ ಕಲಿಯಬೇಕು. ಯಾವ ರಾಜ, ಯಾವ ಊರು, ಯಾವ ವರ್ಷ ಎಂಬುದನ್ನು ಮೈಮೇಲೆಯೇ ಬರೆದುಕೊಂಡಿರುವ ಹಳೆಯ ನಾಣ್ಯಗಳು ಜಗತ್ತಿನಲ್ಲಿ ಜಾಸ್ತಿ ಇಲ್ಲ.

ಸಸಾನಿಯನ್ನರು ಅಂದರೆ ಯಾರು?

ಇಸ್ಲಾಂ ಬರುವ ಮೊದಲು ಇರಾನನ್ನು ಆಳಿದ ಕೊನೆಯ ರಾಜವಂಶ. ಕ್ರಿ.ಶ. 224ರಲ್ಲಿ ಪಾರ್ಸ್ ಪ್ರಾಂತ್ಯದ ಅರ್ದಶೀರ್ ಎಂಬವನು ಹೊರ್ಮೊಜ್ದ್‌ಗಾನ್ ಯುದ್ಧದಲ್ಲಿ ಅಲ್ಲಿಯವರೆಗೆ ಇರಾನನ್ನು ಆಳುತ್ತಿದ್ದ ಪಾರ್ಥಿಯನ್ ವಂಶದ ದೊರೆ ಅರ್ತಬಾನನನ್ನು ಸೋಲಿಸಿ ಕೊಂದ. ಅಲ್ಲಿಂದ ವಂಶದ ಲೆಕ್ಕ ಶುರು. ಸಾಸಾನ್ ಎಂಬ ಪೂರ್ವಜನಿಂದ ವಂಶಕ್ಕೆ ಈ ಹೆಸರು ಬಂತು. ರಾಜಧಾನಿ ಕ್ಟೆಸಿಫಾನ್, ಇಂದಿನ ಬಾಗ್ದಾದಿನ ಹತ್ತಿರ. ಧರ್ಮ ಪ್ರವಾದಿ ಜರತುಷ್ಟ್ರನದು, ಬೆಂಕಿಯನ್ನು ಪವಿತ್ರವೆಂದು ಕಾಣುವುದು.

ಏಳನೇ ಶತಮಾನದಲ್ಲಿ ಅರಬ್ ಸೇನೆಗಳು ಬಂದವು. 642ರ ನಿಹಾವಂದ್ ಯುದ್ಧದ ನಂತರ ರಾಜ್ಯ ಕುಸಿಯಿತು. ಕೊನೆಯ ದೊರೆ ಮೂರನೇ ಯಜ್ದಗಿರ್ದ್ ಊರಿಂದ ಊರಿಗೆ ಪೂರ್ವಕ್ಕೆ ಓಡುತ್ತಾ ಹೋಗಿ 651ರಲ್ಲಿ ಮರ್ವ್ ಬಳಿ ಸತ್ತ. ಮರ್ವ್ ಈಗ ತುರ್ಕ್‌ಮೆನಿಸ್ತಾನದಲ್ಲಿದೆ. ಹಿಟ್ಟು ಬೀಸುವವನೊಬ್ಬನ ಮನೆಯಲ್ಲಿ ಅಡಗಿದ್ದಾಗ ಅವನನ್ನು ಕೊಂದರು ಅಂತ ಹಳೆಯ ಬರಹಗಳು ಹೇಳುತ್ತವೆ. ರಾಜಾಧಿರಾಜ ಎಂದು ನಾಣ್ಯದ ಮೇಲೆ ಬರೆಸಿಕೊಂಡ ವಂಶದ ಕೊನೆ ಹಾಗಾಯಿತು.

ಈ ನಾಣ್ಯಕ್ಕೆ ಏನಂತಾರೆ? ಎಷ್ಟು ತೂಕ?

ಡ್ರಾಕ್ಮ್ ಅಂತಾರೆ. ಗ್ರೀಕರ ದ್ರಾಕ್ಮೆ ಪರ್ಶಿಯನ್ನರ ಬಾಯಲ್ಲಿ ದ್ರಹ್ಮ್ ಆಯಿತು. ಅದೇ ಅರಬರಲ್ಲಿ ದಿರ್ಹಮ್, ನಮ್ಮ ದೇಶದಲ್ಲಿ ದ್ರಮ್ಮ. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಬರುವ ದ್ರಮ್ಮ ಈ ಮಾತಿನದೇ ಸಂತತಿ. ಮಂಗಳೂರು, ಉಡುಪಿ ಕಡೆಯಿಂದ ದುಬೈಗೆ ಹೋದವರು ಊರಿಗೆ ಕಳಿಸುವ ದಿರ್ಹಮ್ ಕೂಡ ಅದೇ ಮನೆತನದ್ದು.

ತೂಕ ಸುಮಾರು 4 ಗ್ರಾಂ. ಅಗಲ ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್. ಕಣ್ಣಿಗೆ ಕಟ್ಟಬೇಕೆಂದರೆ ನಮ್ಮ 10 ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಅದು 27 ಮಿ.ಮೀ. ಅಗಲ, 7.71 ಗ್ರಾಂ ತೂಕ. ಸಸಾನಿಯನ್ ದೊರೆ ಎರಡನೇ ಖುಸ್ರೋ ಕಾಲದ ಡ್ರಾಕ್ಮ್ ಅದಕ್ಕಿಂತ ಅಗಲ, ಆದರೆ ತೂಕ ಅದರ ಅರ್ಧದಷ್ಟು. ಅಷ್ಟು ತೆಳು. ಬೆಳ್ಳಿಯ ಶುದ್ಧತೆ ಹೆಚ್ಚಾಗಿ ನೂರಕ್ಕೆ ತೊಂಬತ್ತಕ್ಕೂ ಮೇಲೆ. ಅದೇ ಶತಮಾನಗಳಲ್ಲಿ ಪಕ್ಕದ ರೋಮ್ ತನ್ನ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿ ಬೆರೆಸಿ ಹಾಳು ಮಾಡಿಕೊಂಡಿತು. ಇವರು ನಾಲ್ಕು ನೂರು ವರ್ಷ ತೂಕವನ್ನೂ ಗುಣವನ್ನೂ ಹೆಚ್ಚುಕಡಿಮೆ ಹಾಗೇ ಕಾಯ್ದುಕೊಂಡರು. ಇದು ಸಣ್ಣ ಮಾತಲ್ಲ.

ನಾಣ್ಯದ ಕೆಲವು ಭಾಗ ಚಪ್ಪಟೆಯಾಗಿ ಏನೂ ಕಾಣುವುದಿಲ್ಲ. ಸವೆದಿದೆಯಾ?

ಯಾವಾಗಲೂ ಸವೆತವೇ ಅಲ್ಲ. ಬಿಲ್ಲೆ ತೀರಾ ತೆಳು. ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಮೇಲಿನ ಅಚ್ಚಿನ ಆಳವಾದ ಜಾಗ ಕೆಳಗಿನ ಅಚ್ಚಿನ ಆಳವಾದ ಜಾಗಕ್ಕೆ ಎದುರಾದರೆ ಎರಡನ್ನೂ ತುಂಬಲು ಅಲ್ಲಿ ಬೆಳ್ಳಿ ಸಾಲುವುದಿಲ್ಲ. ಎರಡೂ ಕಡೆ ಚಪ್ಪಟೆಯಾಗಿ ಉಳಿಯುತ್ತದೆ. ಒಂದು ಕಡೆ ಚಪ್ಪಟೆ ಕಂಡರೆ ನಾಣ್ಯ ತಿರುಗಿಸಿ ಅದೇ ಜಾಗ ನೋಡಿ. ಅಲ್ಲೂ ಚಪ್ಪಟೆಯಿದ್ದು ಉಳಿದ ಗೆರೆಗಳೆಲ್ಲ ಚೂಪಾಗಿದ್ದರೆ ಅದು ಟಂಕಸಾಲೆಯಿಂದಲೇ ಹಾಗೆ ಬಂದದ್ದು.

ರಾಜನನ್ನು ಗುರುತಿಸುವುದು ಹೇಗೆ? ಎಲ್ಲ ಮುಖವೂ ಒಂದೇ ಥರ ಕಾಣುತ್ತದೆ.

ಮುಖ ನೋಡಬೇಡಿ, ಕಿರೀಟ ನೋಡಿ. ಈ ವಂಶದ ದೊಡ್ಡ ವಿಶೇಷವೇ ಇದು. ಪಟ್ಟಕ್ಕೆ ಬಂದವನು ತನ್ನದೇ ಕಿರೀಟ ಮಾಡಿಸಿಕೊಳ್ಳುತ್ತಿದ್ದ. ಅಪ್ಪನ ಕಿರೀಟ ಮಗ ಹಾಗೆಯೇ ತೊಡುತ್ತಿರಲಿಲ್ಲ.

ಮೊದಲನೇ ಶಾಪುರ್ ತೊಟ್ಟದ್ದು ಕೋಟೆಯ ತೆನೆಯಂಥ ಕಿರೀಟ. 260ರಲ್ಲಿ ರೋಮನ್ ಚಕ್ರವರ್ತಿ ವಲೇರಿಯನ್‌ನನ್ನು ಜೀವಂತ ಸೆರೆಹಿಡಿದವನು ಇವನೇ. ಮೊದಲನೇ ಬಹ್ರಾಮನದು ಸೂರ್ಯನ ಕಿರಣಗಳಂತೆ ಚೂಪು ಚೂಪಾದದ್ದು, ಅದು ಮಿತ್ರ ದೇವನ ಗುರುತು. ಎರಡನೇ ಬಹ್ರಾಮನಿಗೆ ರೆಕ್ಕೆ. ಎರಡನೇ ಹೊರ್ಮಿಜ್ದನ ತಲೆಯ ಮೇಲೆ ಇಡೀ ಹದ್ದೇ ಕೂತಿದೆ, ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡಿದೆ. ಬಹಳ ರಾಜರ ತಲೆಯ ಮೇಲೆ ಚೆಂಡಿನಂಥದ್ದೊಂದು ಕಾಣುತ್ತದೆ. ಅದು ಕೂದಲನ್ನು ಮೇಲಕ್ಕೆತ್ತಿ ಕಟ್ಟಿ ತೆಳು ರೇಷ್ಮೆಯಲ್ಲಿ ಸುತ್ತಿದ ಗಂಟು.

ಒಬ್ಬನೇ ರಾಜನಿಗೆ ಎರಡು ಮೂರು ಕಿರೀಟ ಇದ್ದದ್ದೂ ಉಂಟು. ಐದನೇ ಶತಮಾನದ ದೊರೆ ಪೇರೋಜನ ನಾಣ್ಯಗಳಲ್ಲಿ ಮೂರು ಬಗೆಯವು ಸಿಗುತ್ತವೆ. ಯುದ್ಧದಲ್ಲಿ ಸೋತು ಕಿರೀಟದ ಗೌರವ ಹೋದರೆ ಹೊಸದು ಮಾಡಿಸಿಕೊಳ್ಳಬೇಕಾಗಿತ್ತು ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಎರಡನೇ ಖುಸ್ರೋ 590ರಲ್ಲಿ ಪಟ್ಟಕ್ಕೆ ಬಂದ. ಸೇನಾಪತಿ ಬಹ್ರಾಮ್ ಚೋಬೀನ್ ದಂಗೆ ಎದ್ದು ಅವನನ್ನು ಓಡಿಸಿದ. ಬೈಜಾಂಟಿಯನ್ (ಅಂದರೆ ಪೂರ್ವ ರೋಮನ್) ಚಕ್ರವರ್ತಿ ಮಾರಿಸ್‌ನ ನೆರವಿನಿಂದ 591ರಲ್ಲಿ ಖುಸ್ರೋ ಮರಳಿ ಬಂದ. ಅವನ ಮೊದಲ ವರ್ಷದ ನಾಣ್ಯದಲ್ಲಿ ಕಿರೀಟಕ್ಕೆ ರೆಕ್ಕೆಯಿಲ್ಲ. ಎರಡನೇ ವರ್ಷದಿಂದ ರೆಕ್ಕೆ ಬಂದಿದೆ. ಬರೆದ ಇತಿಹಾಸ ಹೇಳುವ ಕಥೆಯನ್ನೇ ಬೆಳ್ಳಿಯೂ ಹೇಳುತ್ತದೆ.

ಹಿಂಬದಿಯ ಬೆಂಕಿ ಯಾವುದು?

ಅದು ಅಗ್ನಿವೇದಿಕೆ. ಅರ್ದಶೀರನ ನಾಣ್ಯದಲ್ಲಿ ಬೆಂಕಿ ಒಂದೇ ಇದೆ, ಪಕ್ಕದಲ್ಲಿ ಯಾರೂ ಇಲ್ಲ. "ಅರ್ದಶೀರನ ಬೆಂಕಿ" ಅಂತ ಬರೆದಿದೆ. ಪ್ರತಿ ರಾಜನ ಹೆಸರಿನಲ್ಲೂ ಒಂದು ಬೆಂಕಿ ಹೊತ್ತಿಸುತ್ತಿದ್ದರು. ಶಾಪುರನ ಕಾಲದಿಂದ ಇಬ್ಬರು ಅಕ್ಕಪಕ್ಕ ನಿಂತರು. ಮೊದಮೊದಲು ಅವರು ಬೆಂಕಿಗೆ ಬೆನ್ನು ಮಾಡಿ ನಿಂತಿದ್ದರು, ಆಮೇಲೆ ಅದರ ಕಡೆ ತಿರುಗಿದರು, ಖುಸ್ರೋ ಕಾಲಕ್ಕೆ ನೇರ ನಮ್ಮನ್ನೇ ನೋಡುತ್ತಿದ್ದಾರೆ. ನಾಲ್ಕನೇ ಶತಮಾನದ ಕೆಲವು ನಾಣ್ಯಗಳಲ್ಲಿ ಜ್ವಾಲೆಯೊಳಗೆ ಒಂದು ಮುಖ ಮೂಡಿರುತ್ತದೆ. ಪೇರೋಜನ ನಂತರ ಜ್ವಾಲೆಯ ಒಂದು ಕಡೆ ನಕ್ಷತ್ರ, ಇನ್ನೊಂದು ಕಡೆ ಅರ್ಧಚಂದ್ರ.

ಆ ಧರ್ಮದ ಬೆಂಕಿ ಆರಿಲ್ಲ. ಇರಾನಿನಿಂದ ಗುಜರಾತಿಗೆ ಬಂದ ಪಾರ್ಸಿಗಳು ಉದ್ವಾಡದಲ್ಲಿ ಕಾಯ್ದುಕೊಂಡಿರುವ ಪವಿತ್ರ ಅಗ್ನಿಗೆ ಇರಾನ್‌ಶಾ ಅಂತಲೇ ಹೆಸರು. ನಮ್ಮ ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲೂ ಪಾರ್ಸಿಗಳ ಅಗ್ನಿ ದೇವಾಲಯವಿದೆ. ಅವರ ಪಂಚಾಂಗ ಇಂದಿಗೂ ಮೂರನೇ ಯಜ್ದಗಿರ್ದ್ ಪಟ್ಟಕ್ಕೆ ಬಂದ 632ರಿಂದಲೇ ವರ್ಷ ಎಣಿಸುತ್ತದೆ. ಈ ನಾಣ್ಯಗಳ ಬಗ್ಗೆ ಮೊದಲು ಆಳವಾಗಿ ಕೆಲಸ ಮಾಡಿದವರಲ್ಲಿ ಒಬ್ಬರು ಮುಂಬಯಿಯ ಪಾರ್ಸಿ ವಿದ್ವಾಂಸ ಫರ್ದೂನ್‌ಜೀ ಪಾರುಕ್. ಅವರ ಗ್ರಂಥ ಬಂದದ್ದು 1924ರಲ್ಲಿ.

ಲಿಪಿ ಯಾವುದು? ನಾನೂ ಓದಬಹುದಾ?

ಖಂಡಿತ ಓದಬಹುದು. ಲಿಪಿ ಪಹ್ಲವಿ. ಬಲದಿಂದ ಎಡಕ್ಕೆ ಓದಬೇಕು. ಶುರುವಿನಲ್ಲಿ ಗೆರೆ ಗೆರೆಯಾಗಿ ಕಾಣುತ್ತದೆ, ಹೆದರಬೇಡಿ. ಇಡೀ ಭಾಷೆ ಕಲಿಯಬೇಕಾಗಿಲ್ಲ. ಹತ್ತಿಪ್ಪತ್ತು ಪದ ಗೊತ್ತಾದರೆ ಸಾಕು.

ಮೊದಲ ರಾಜರ ನಾಣ್ಯಗಳಲ್ಲಿ ಬರಹ ಉದ್ದ: "ಮಜ್ದಾನನ್ನು ಪೂಜಿಸುವ ಪ್ರಭು, ಇರಾನಿನ ರಾಜಾಧಿರಾಜ, ದೇವರುಗಳ ಬೀಜದವನು" ಅಂತ. ಮಜ್ದಾ ಅಂದರೆ ಜರತುಷ್ಟ್ರ ಧರ್ಮದ ದೇವರು. ಬರಬರುತ್ತಾ ಇದು ಚಿಕ್ಕದಾಯಿತು. ಎರಡನೇ ಖುಸ್ರೋ ನಾಣ್ಯದಲ್ಲಿ ಮುಖದ ಮುಂದೆ ಅವನ ಹೆಸರು, ತಲೆಯ ಹಿಂದೆ "ತೇಜಸ್ಸು ಹೆಚ್ಚಲಿ" ಎಂಬ ಹಾರೈಕೆ. ಅಷ್ಟೇ.

ನಿಜವಾದ ಸಂತೋಷ ಇರುವುದು ಹಿಂಬದಿಯಲ್ಲಿ. ಬೆಂಕಿಯ ಎಡಕ್ಕೆ ಆಳ್ವಿಕೆಯ ವರ್ಷ, ಬಲಕ್ಕೆ ಟಂಕಸಾಲೆಯ ಗುರುತು. ವರ್ಷವನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದರಿಂದ ಹತ್ತರವರೆಗೆ ಪಶ್ಚಿಮ ಏಷ್ಯಾದ ಹಳೆಯ ಭಾಷೆ ಅರಾಮಾಯಿಕ್‌ನ ಪದಗಳು, ಹನ್ನೊಂದರಿಂದ ಪರ್ಶಿಯನ್ ಪದಗಳು. ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ವಾರ ದಿನಾ ಅರ್ಧ ಗಂಟೆ ಕೂತರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಓದಿದ ವರ್ಷವನ್ನು ನಮ್ಮ ಲೆಕ್ಕಕ್ಕೆ ತರುವುದು ಸುಲಭ. ಎರಡನೇ ಖುಸ್ರೋ ಆದರೆ 589 ಕೂಡಿಸಿ. ಹತ್ತನೇ ವರ್ಷ ಅಂದರೆ 599-600. ಅವರ ವರ್ಷ ಜನವರಿಗೆ ಶುರುವಾಗುತ್ತಿರಲಿಲ್ಲ, ಅದಕ್ಕೇ ಎರಡು ವರ್ಷ ಸೇರಿಸಿ ಬರೆಯುವುದು. ಮೊದಲನೇ ಖುಸ್ರೋ ಆದರೆ 530 ಕೂಡಿಸಿ. ಆದರೆ ಎಲ್ಲ ಸಸಾನಿಯನ್ ನಾಣ್ಯದಲ್ಲೂ ವರ್ಷ ಇರುವುದಿಲ್ಲ. ಪೇರೋಜನ ಕಾಲಕ್ಕೆ ಅಲ್ಲಲ್ಲಿ ಕಾಣಿಸಿಕೊಂಡು, ಅವನ ಮಗ ಕವಾದ್ 499ರಲ್ಲಿ ಎರಡನೇ ಸಲ ಪಟ್ಟಕ್ಕೆ ಬಂದ ಮೇಲೆ ಅದು ನಿಯಮವೇ ಆಯಿತು.

ಟಂಕಸಾಲೆಯ ಗುರುತುಗಳಿಂದ ಏನು ಗೊತ್ತಾಗುತ್ತದೆ?

ನಾಣ್ಯ ಹುಟ್ಟಿದ ಊರು. ಊರ ಹೆಸರಿನ ಮೊದಲ ಎರಡು ಮೂರು ಅಕ್ಷರ ಹಾಕುತ್ತಿದ್ದರು. ಸ-ತ ಇದ್ದರೆ ಇಸ್ತಖ್ರ್, ದ-ಅ ಇದ್ದರೆ ದಾರಾಬ್‌ಗಿರ್ದ್, ಬ-ಯ-ಶ ಇದ್ದರೆ ಬಿಶಾಪುರ್, ಮ-ರ ಇದ್ದರೆ ಮರ್ವ್, ಅ-ಹ-ಮ ಇದ್ದರೆ ಹಮದಾನ್. ಕೆಲವು ಗುರುತುಗಳ ಊರು ಯಾವುದೆಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಮಾರುವವರು ಅಂಥದ್ದಕ್ಕೆ ಗಟ್ಟಿಯಾಗಿ ಒಂದು ಊರ ಹೆಸರು ಹೇಳಿದರೆ ನಂಬುವ ಮೊದಲು ಬೇರೆ ಕಡೆಯೂ ನೋಡಿ.

ಯಾವ ರಾಜನ ನಾಣ್ಯ ಸುಲಭವಾಗಿ ಸಿಗುತ್ತದೆ? ಯಾವುದು ಅಪರೂಪ?

ಎಲ್ಲಕ್ಕಿಂತ ಹೆಚ್ಚು ಸಿಗುವುದು ಎರಡನೇ ಖುಸ್ರೋನದು. ಅವನು 628ರವರೆಗೆ ಆಳಿದ. ತನಗೆ ನೆರವಾಗಿದ್ದ ಮಾರಿಸ್‌ನನ್ನು 602ರಲ್ಲಿ ಕೊಂದರು ಎಂಬ ನೆಪದಲ್ಲಿ ಬೈಜಾಂಟಿಯಂ ಮೇಲೆ ಯುದ್ಧ ಸಾರಿದ. ಅದು ಇಪ್ಪತ್ತೈದು ವರ್ಷ ನಡೆಯಿತು. 614ರಲ್ಲಿ ಜೆರೂಸಲೇಮ್ ಅವನ ಕೈಸೇರಿತು, ಆಮೇಲೆ ಈಜಿಪ್ಟ್ ಕೂಡ. ಸೈನಿಕರಿಗೆ ಸಂಬಳ ಕೊಡಬೇಕಲ್ವಾ? ಟಂಕಸಾಲೆಗಳು ಬಿಡುವಿಲ್ಲದೆ ಕೆಲಸ ಮಾಡಿದವು. ಹನ್ನೊಂದು ಹನ್ನೆರಡನೇ ವರ್ಷದಿಂದ ಈಚೆಗೆ ಅವನ ನಾಣ್ಯಗಳ ಅಂಚಿನಲ್ಲಿ ಒಂದು ಚಿಕ್ಕ ಪದ ಕಾಣುತ್ತದೆ, "ಅಬ್ದ್", ಅಂದರೆ ಅದ್ಭುತ. ಕೊನೆಗೆ ಯುದ್ಧವೂ ಸೋತು, ಸ್ವಂತ ಮಗ ಎರಡನೇ ಕವಾದನೇ ಅವನನ್ನು ಕೆಳಗಿಳಿಸಿ ಕೊಲ್ಲಿಸಿದ.

ಸುಲಭವಾಗಿ ಸಿಗುವ ಇನ್ನೊಬ್ಬ ಪೇರೋಜ್. ಅವನ ಕಥೆ ಮುಂದೆ ಬರುತ್ತದೆ. ಕವಾದ್, ಮೊದಲನೇ ಖುಸ್ರೋ, ನಾಲ್ಕನೇ ಹೊರ್ಮಿಜ್ದ್ ಕೂಡ ಕಷ್ಟವಲ್ಲ. ಮೂರನೇ ಶತಮಾನದವರು ದುಬಾರಿ. ಎರಡನೇ ಬಹ್ರಾಮನ ಕೆಲವು ನಾಣ್ಯಗಳಲ್ಲಿ ರಾಜ, ರಾಣಿ, ಎದುರಿಗೆ ರಾಜಕುಮಾರ, ಮೂವರೂ ಇದ್ದಾರೆ. ಅವನ್ನು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ.

ಅಪರೂಪ ಅಂದರೆ ರಾಣಿಯರು. ಖುಸ್ರೋ ಸತ್ತ ಮೇಲೆ ನಾಲ್ಕೇ ವರ್ಷದಲ್ಲಿ ಸಿಂಹಾಸನದ ಮೇಲೆ ಒಬ್ಬರಾದ ಮೇಲೆ ಒಬ್ಬರು ಕೂತರು. ಅವರಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಬೋರಾನ್ ತನ್ನದೇ ಮುಖವನ್ನು, ಉದ್ದ ಜಡೆಯ ಸಮೇತ, ನಾಣ್ಯದ ಮೇಲೆ ಹಾಕಿಸಿದಳು. ತಂಗಿ ಅಜರ್ಮಿದುಖ್ತಳ ನಾಣ್ಯದಲ್ಲಿ ಹೆಸರು ಅವಳದು, ಮುಖ ಮಾತ್ರ ಗಡ್ಡದ ಗಂಡಸಿನದು. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಬೋರಾನಳ ಧೈರ್ಯ ಎಷ್ಟು ದೊಡ್ಡದು ಅನ್ನಿಸುತ್ತದೆ.

ಕರ್ನಾಟಕಕ್ಕೂ ಇವರಿಗೂ ಸಂಬಂಧ ಇತ್ತಾ?

ಇತ್ತು. ಬಾದಾಮಿಯ ಇಮ್ಮಡಿ ಪುಲಿಕೇಶಿ ಮತ್ತು ಎರಡನೇ ಖುಸ್ರೋ ಒಂದೇ ಕಾಲದವರು. ಖುಸ್ರೋ ಆಳ್ವಿಕೆಯ 36ನೇ ವರ್ಷದಲ್ಲಿ ಭಾರತದ ದೊರೆಯೊಬ್ಬನಿಂದ ಅವನಿಗೂ ಅವನ ಮಕ್ಕಳಿಗೂ ಕಾಣಿಕೆ, ಪತ್ರ ಬಂದವು ಅಂತ ಅರಬ್ಬಿಯಲ್ಲಿ ಬರೆದ ಇತಿಹಾಸಕಾರ ತಬರಿ ಹೇಳುತ್ತಾನೆ. ಆ ದೊರೆಯ ಹೆಸರನ್ನು ಅನೇಕ ವಿದ್ವಾಂಸರು ಪುಲಿಕೇಶಿ ಎಂದು ಓದಿದ್ದಾರೆ. ಅಜಂತಾದ ಒಂದನೇ ಗುಹೆಯ ಚಿತ್ರವೊಂದನ್ನು ಈ ರಾಯಭಾರದ ಚಿತ್ರ ಅಂತ ಹಿಂದೆ ಹೇಳುತ್ತಿದ್ದರು. ಈಗ ಬಹಳ ಜನ ಅದನ್ನು ಒಪ್ಪುವುದಿಲ್ಲ. ಚಿತ್ರ ಹೋದರೂ ತಬರಿಯ ಮಾತು ಉಳಿಯುತ್ತದೆ.

ಈಗ ಲೆಕ್ಕ ಹಾಕಿ. 36ಕ್ಕೆ 589 ಕೂಡಿಸಿದರೆ 625-626. ಪತ್ರ ಬಂದ ವರ್ಷದಲ್ಲೇ ಹೊಡೆದ ನಾಣ್ಯವನ್ನು ಹುಡುಕಿ ಕೊಳ್ಳಬಹುದು. ನಾನು ಎರಡು ವರ್ಷ ಹುಡುಕಿ ಅಂಥದ್ದೊಂದನ್ನು ಕೊಂಡೆ. ಹಿಂಬದಿಯ ಎಡಗಡೆ ಮೂವತ್ತಾರು ಎಂಬ ಪದವನ್ನು ನಾನೇ ಬಿಡಿಸಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಸಂಗ್ರಾಹಕರ ಲೆಕ್ಕದಲ್ಲಿ ಅದು ಸಾಮಾನ್ಯ ನಾಣ್ಯ. ನನಗೆ ನನ್ನ ಹತ್ತಿರ ಇರುವ ಎಲ್ಲಕ್ಕಿಂತ ದೊಡ್ಡದು.

ಗುಜರಾತ್, ರಾಜಸ್ಥಾನದ ಗಧೈಯಾ ಪೈಸೆಗೂ ಇದಕ್ಕೂ ಏನು ನಂಟು?

ಇದು ಪೇರೋಜನ ಸೋಲಿನ ಕಥೆ. ಪೂರ್ವದ ಗಡಿಯಲ್ಲಿ ಹೆಫ್ತಾಲೈಟರು, ಅಂದರೆ ಬಿಳಿ ಹೂಣರು, ಅವನನ್ನು ಸೆರೆಹಿಡಿದರು. ಬಿಡಬೇಕಾದರೆ ಮೂವತ್ತು ಹೇಸರಗತ್ತೆಯ ಹೊರೆಯಷ್ಟು ಬೆಳ್ಳಿ ನಾಣ್ಯ ಕೊಡಬೇಕೆಂದು ಒಪ್ಪಂದವಾಯಿತು. ಅಷ್ಟು ಹೊಂದಿಸಲು ಆಗದೆ ಮಗ ಕವಾದನನ್ನು ಒತ್ತೆ ಇಡಬೇಕಾಯಿತು ಅಂತ ಆ ಕಾಲಕ್ಕೆ ಹತ್ತಿರದ ಸಿರಿಯಾಕ್ ಬರಹವೊಂದು ಹೇಳುತ್ತದೆ. 484ರಲ್ಲಿ ಮತ್ತೆ ಯುದ್ಧಕ್ಕೆ ಹೋದ ಪೇರೋಜ್ ಅಲ್ಲೇ ಸತ್ತ.

ಹೀಗೆ ಪೇರೋಜನ ಬೆಳ್ಳಿ ರಾಶಿ ರಾಶಿಯಾಗಿ ಪೂರ್ವಕ್ಕೆ ಹೋಯಿತು. ಹೂಣರು ಅದನ್ನೇ ನೋಡಿ ತಾವೂ ನಾಣ್ಯ ಹೊಡೆದರು. ಆ ಮಾದರಿ ಪಶ್ಚಿಮ ಭಾರತಕ್ಕೆ ಬಂತು. ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ನಕಲಿನ ನಕಲು ಮಾಡುತ್ತಾ ಹೋದರು. ನಾಣ್ಯ ಚಿಕ್ಕದಾಯಿತು, ದಪ್ಪವಾಯಿತು, ಬೆಳ್ಳಿ ಕಡಿಮೆಯಾಯಿತು. ರಾಜನ ಮುಖ ಒಂದಿಷ್ಟು ಗೆರೆ ಚುಕ್ಕೆಗಳಾಯಿತು. ಅಗ್ನಿವೇದಿಕೆ ಚುಕ್ಕೆಗಳ ಕಂಬವಾಯಿತು. ಅದೇ ಗಧೈಯಾ. ಪೇರೋಜ್ ಸತ್ತು ಐನೂರು ವರ್ಷ ಕಳೆದರೂ ನಮ್ಮ ದೇಶದ ಸಂತೆಗಳಲ್ಲಿ ಅವನ ನೆರಳು ಓಡಾಡುತ್ತಿತ್ತು. ನಮ್ಮ ಶಾಸನಗಳ ಗದ್ಯಾಣವನ್ನು ಇದರ ಜೊತೆ ಬೆರೆಸಬೇಡಿ. ಅದು ಚಿನ್ನದ್ದು.

ಪೂರ್ವಕ್ಕೆ ಹೋದದ್ದು ಇಲ್ಲಿಗೆ ನಿಲ್ಲಲಿಲ್ಲ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ವುಚಿಯಾ ಎಂಬಲ್ಲಿ 1959ರಲ್ಲಿ 947 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಸಸಾನಿಯನ್ ಮತ್ತು ಅದೇ ಮಾದರಿಯ ಅರಬ್ ನಾಣ್ಯಗಳು. ಜೊತೆಗೆ 13 ಚಿನ್ನದ ಗಟ್ಟಿಗಳು.

ವಂಶ ಬಿದ್ದ ಮೇಲೂ ಇದೇ ಥರದ ನಾಣ್ಯ ಹೊಡೆದರಂತೆ, ನಿಜವಾ?

ನಿಜ. ಗೆದ್ದ ಅರಬರು ಟಂಕಸಾಲೆಗಳನ್ನು ಹಾಗೇ ನಡೆಸಿದರು. ಜನ ನಂಬುವ ನಾಣ್ಯವನ್ನು ಯಾಕೆ ಬದಲಿಸಬೇಕು? ರಾಜನ ಮುಖ, ಬೆಂಕಿ, ಪಹ್ಲವಿ ಬರಹ ಎಲ್ಲ ಉಳಿಯಿತು. ಅಂಚಿನಲ್ಲಿ ಮಾತ್ರ ಅರಬ್ಬಿಯಲ್ಲಿ "ಬಿಸ್ಮಿಲ್ಲಾ" ಸೇರಿತು. ಇವನ್ನು ಅರಬ್-ಸಸಾನಿಯನ್ ಅಂತಾರೆ. 698ರ ಸುಮಾರಿಗೆ ಖಲೀಫ ಅಬ್ದುಲ್ ಮಲಿಕ್ ಚಿತ್ರವಿಲ್ಲದ, ಬರಹ ಮಾತ್ರ ಇರುವ ದಿರ್ಹಮ್ ತಂದ ಮೇಲೆ ಹಳೆಯದು ನಿಂತುಹೋಯಿತು.

ಒಂದು ಮೂಲೆಯಲ್ಲಿ ಮಾತ್ರ ನಿಲ್ಲಲಿಲ್ಲ. ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಬೆಟ್ಟಗಾಡು ತಬರಿಸ್ತಾನ್. ಅಲ್ಲಿನ ಪಾಳೇಗಾರರು 761ರ ಸುಮಾರಿನವರೆಗೆ ಅರಬರಿಗೆ ಬಗ್ಗಲಿಲ್ಲ. ಸುಮಾರು 2 ಗ್ರಾಂ ತೂಗುವ ಅರ್ಧ ಡ್ರಾಕ್ಮ್ ಹೊಡೆದರು. ಯಜ್ದಗಿರ್ದ್ ಸತ್ತ ಮೇಲಿನ ವರ್ಷ ಎಷ್ಟು ಅಂತ ಅದರ ಮೇಲೆ ಬರೆದರು. ಅದಕ್ಕೆ 651 ಕೂಡಿಸಿದರೆ ನಮ್ಮ ವರ್ಷ ಸಿಗುತ್ತದೆ. ಆಮೇಲೆ ಬಂದ ಅಬ್ಬಾಸಿ ಖಲೀಫರ ಅಧಿಕಾರಿಗಳೂ ಅದನ್ನೇ ಮುಂದುವರಿಸಿದರು. ಸುಲೇಮಾನ್ ಎಂಬ ಅಧಿಕಾರಿ ಮಾತ್ರ ರಾಜನ ಮುಖ ತೆಗೆದು ಆ ಜಾಗದಲ್ಲಿ ವಜ್ರದ ಆಕಾರ ಬಿಡಿಸಿ ಒಳಗೆ ಅರಬ್ಬಿ ಪದ ಬರೆಸಿದ. ಕಿರೀಟ ಇದೆ, ಮುಖ ಇಲ್ಲ. ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ ತಬರಿಸ್ತಾನದ ನಾಣ್ಯ ಒಳ್ಳೆಯದು.

ಪಹ್ಲವಿ ನಾಣ್ಯ ಅಂತ 1971ರ ಬೆಳ್ಳಿ ನಾಣ್ಯ ತೋರಿಸಿದರು. ಇದೂ ಅದೇನಾ?

ಅಲ್ಲ. ಹೆಸರಿನಿಂದ ಆಗುವ ಗೊಂದಲ ಇದು. ಪಹ್ಲವಿ ಹಳೆಯ ಲಿಪಿಯ ಹೆಸರು. 1979ರಲ್ಲಿ ಪದಚ್ಯುತವಾದ ಶಾ ವಂಶವೂ ಅದೇ ಹೆಸರು ಇಟ್ಟುಕೊಂಡಿತ್ತು. ಇರಾನಿನ ರಾಜಪ್ರಭುತ್ವಕ್ಕೆ 2500 ವರ್ಷ ಎಂದು ಆಚರಿಸಿದಾಗ ಬಂದ ಬೆಳ್ಳಿ ನಾಣ್ಯಗಳವು. ಯಂತ್ರದಲ್ಲಿ ಹೊಡೆದು ಕನ್ನಡಿಯಂತೆ ಹೊಳಪು ಕೊಟ್ಟವು.

ಇನ್ನೂ ಹಳೆಯ ಇರಾನಿ ವಂಶವಾದ ಅಕೆಮೆನಿಡರ ಬೆಳ್ಳಿ ನಾಣ್ಯ ಸಿಗ್ಲೋಸ್ ಕೂಡ ಬೇರೆ. ಅದು ಪುಟ್ಟ, ದಪ್ಪ ಬೆಳ್ಳಿ ಗಟ್ಟಿ. ಬಿಲ್ಲು ಹಿಡಿದು ಮಂಡಿಯೂರಿದ ಅಥವಾ ಓಡುವ ರಾಜ ಇರುತ್ತಾನೆ. ಪಾರ್ಥಿಯನ್ ಡ್ರಾಕ್ಮಿನ ಹಿಂಬದಿಯಲ್ಲಿ ಕೂತ ಬಿಲ್ಲುಗಾರ ಇರುತ್ತಾನೆ, ರಾಜನ ಮುಖ ಹೆಚ್ಚಾಗಿ ಎಡಕ್ಕೆ ತಿರುಗಿರುತ್ತದೆ. ಬಲಕ್ಕೆ ತಿರುಗಿದ ರಾಜ, ಹಿಂದೆ ಅಗ್ನಿವೇದಿಕೆ, ತೆಳ್ಳಗಿನ ಅಗಲ ಬಿಲ್ಲೆ: ಮೂರೂ ಸೇರಿದರೆ ಸಸಾನಿಯನ್.

ನಕಲಿ ಬರುತ್ತದೆಯಾ? ಪತ್ತೆ ಹೇಗೆ?

ಬಹಳ ಬರುತ್ತದೆ. ನನ್ನ ಮೊದಲ ಸಸಾನಿಯನ್ ನಾಣ್ಯವೇ ನಕಲಿ. ಮೇಳವೊಂದರಲ್ಲಿ ಕಂಡ ತಕ್ಷಣ ಆಸೆಪಟ್ಟು ಕೊಂಡೆ, ತೂಕ ಕೂಡ ನೋಡಲಿಲ್ಲ. ಮನೆಗೆ ಬಂದು ತೂಗಿದರೆ 5 ಗ್ರಾಮಿಗೂ ಜಾಸ್ತಿ. ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ. ಅಚ್ಚಿನಲ್ಲಿ ಎರಕ ಹೊಯ್ದು, ಅಂಚಿನ ಕೂಡುಗೆರೆಯನ್ನು ಅರ ಹಾಕಿ ಮರೆಸಿದ್ದರು. ತುಂಬಾ ದುಃಖವಾಯಿತು. ಆ ನಾಣ್ಯವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಹೊಸಬರಿಗೆ ಅಸಲಿಯ ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ನಾನು ನೋಡುವ ಕ್ರಮ ಹೀಗೆ. ಮೊದಲು ತೂಕ. ಪೂರ್ತಿ ಡ್ರಾಕ್ಮ್ 4 ಗ್ರಾಮಿನ ಆಸುಪಾಸು ಇರಬೇಕು. ಅಂಚು ಕತ್ತರಿಸಿದ್ದರೆ ಕಡಿಮೆ ಆಗಬಹುದು, ಜಾಸ್ತಿ ಆಗುವಂತಿಲ್ಲ. ಆಮೇಲೆ ಭೂತಗನ್ನಡಿ. ಹೊಡೆದ ನಾಣ್ಯದಲ್ಲಿ ಗೆರೆಯ ಬುಡ ಚೂಪಾಗಿರುತ್ತದೆ. ಎರಕದಲ್ಲಿ ಎಲ್ಲವೂ ಸಾಬೂನು ಕರಗಿದಂತೆ ಮೊಂಡು, ಅಲ್ಲಲ್ಲಿ ಸಣ್ಣ ಗುಳ್ಳೆಯ ಗುಂಡಿ. ಆಮೇಲೆ ಓದು. ನಕಲಿ ಮಾಡುವವರು ಎಷ್ಟೋ ಸಲ ಒಬ್ಬ ರಾಜನ ಕಿರೀಟಕ್ಕೆ ಇನ್ನೊಬ್ಬನ ಬರಹ ಸೇರಿಸುತ್ತಾರೆ, ಅಥವಾ ಅಕ್ಷರದ ಬದಲು ಸುಮ್ನೆ ಗೆರೆ ಎಳೆದಿರುತ್ತಾರೆ. ಓದಲು ಬಂದರೆ ಇದು ಕ್ಷಣದಲ್ಲಿ ಸಿಕ್ಕಿಬೀಳುತ್ತದೆ.

ನೀರಿನ ಪರೀಕ್ಷೆಯನ್ನೂ ಮಾಡಬಹುದು. ಶುದ್ಧ ಬೆಳ್ಳಿಯ ಸಾಂದ್ರತೆ 10.49. ನಾಣ್ಯವನ್ನು ಮೊದಲು ಗಾಳಿಯಲ್ಲಿ ತೂಗಿ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ, ಗಾಳಿಯಲ್ಲಿನ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿ. 4 ಗ್ರಾಂ ನಾಣ್ಯಕ್ಕೆ ಈ ವ್ಯತ್ಯಾಸ 0.4 ಗ್ರಾಮಿನಷ್ಟು ಮಾತ್ರ, ಹಾಗಾಗಿ ಕನಿಷ್ಠ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಆದರೆ ಬೆಳ್ಳಿ ಅಸಲಿ ಅಂದ ಮಾತ್ರಕ್ಕೆ ನಾಣ್ಯ ಅಸಲಿ ಆಗುವುದಿಲ್ಲ. ಒಳ್ಳೆಯ ಬೆಳ್ಳಿಯಲ್ಲೇ ಹೊಡೆದ ನಕಲಿಗಳಿವೆ. ಒಂದೇ ಅಚ್ಚಿನಿಂದ, ಒಂದೇ ಜಾಗದಲ್ಲಿ ಚಪ್ಪಟೆಯಾಗಿ, ಒಂದೇ ಆಕಾರದ ಅಂಚಿನೊಂದಿಗೆ ಎರಡು ನಾಣ್ಯ ಕಂಡರೆ ಎರಡನ್ನೂ ಬಿಡಿ.

ಅಂಚು ಕತ್ತರಿಸಿದ್ದು, ತೂತು ಇರುವುದು ಕೊಳ್ಳಬಹುದಾ?

ಬೆಲೆ ಅದಕ್ಕೆ ತಕ್ಕಂತೆ ಕಡಿಮೆ ಇದ್ದರೆ ಕೊಳ್ಳಿ. ಅಂಚು ಕತ್ತರಿಸಿದ್ದು ಆ ಕಾಲದವರೇ. ಬೆಳ್ಳಿ ಕದಿಯಲೋ, ತೂಕ ಸರಿಮಾಡಲೋ ಇರಬಹುದು. ಹೂಣರು ತಮ್ಮ ಮುದ್ರೆ ಒತ್ತಿದ ನಾಣ್ಯಗಳೂ ಸಿಗುತ್ತವೆ. ಆ ಮುದ್ರೆ ದೋಷವಲ್ಲ, ನಾಣ್ಯ ನಡೆದ ದಾರಿ.

ಕಪ್ಪಾಗಿದೆ. ತೊಳೆಯಲಾ?

ಬೇಡ. ಹುಣಸೆಹಣ್ಣು, ನಿಂಬೆರಸ, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹಬ್ಬಕ್ಕೆ ಬೆಳ್ಳಿ ದೀಪ ಉಜ್ಜುವ ಕೈ ಇಲ್ಲಿ ತಡೆಯಬೇಕು. ಕಪ್ಪು ಬಣ್ಣ ಶತಮಾನಗಳಲ್ಲಿ ಕೂತದ್ದು, ಉಜ್ಜಿದರೆ ಸಣ್ಣ ಅಕ್ಷರಗಳೂ ಅದರ ಜೊತೆ ಹೋಗುತ್ತವೆ. ಮಣ್ಣು ಮೆತ್ತಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಮೆತ್ತನೆ ಬಟ್ಟೆಯ ಮೇಲೆ ಇಟ್ಟು ಒಣಗಿಸಿ. ಒರೆಸಬೇಡಿ, ಒತ್ತಿ ತೆಗೆಯಿರಿ.

ಇನ್ನೊಂದು ಮುಖ್ಯ ಮಾತು. ಸಾವಿರದ ಐನೂರು ವರ್ಷದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರಬಹುದು. ನೋಡಲು ಲೋಹ, ಬಿದ್ದರೆ ಹಪ್ಪಳದ ಹಾಗೆ ಒಡೆಯುತ್ತದೆ. ಬಾಗಿದ ನಾಣ್ಯವನ್ನು ನೇರ ಮಾಡಲು ಎಂದೂ ಹೋಗಬೇಡಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಅಂಚು ಹಿಡಿದು ನೋಡಿ. ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ, ಅದು ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಲೆನಾಡು, ಕರಾವಳಿಯವರು ಇದನ್ನು ಮರೆಯಲೇಬಾರದು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಉಡುಗೊರೆ ಅಂತಲೂ ಕಳಿಸುವಂತಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು. ಹೊರಗಿಂದ ತರಿಸುವವರು ಹಣ ಕಟ್ಟುವ ಮೊದಲೇ ಸುಂಕದ ವಿಷಯ ವಿಚಾರಿಸಿ.

ಇರಾನ್, ಇರಾಕ್, ಅಫ್ಘಾನಿಸ್ತಾನದ ಹಳೆಯ ನಿವೇಶನಗಳನ್ನು ಕಳ್ಳರು ಅಗೆದು ಹಾಳು ಮಾಡಿದ್ದಾರೆ. ಕದ್ದ ನಾಣ್ಯ ಕೊಂಡರೆ ನಾವೂ ಆ ಗುಂಡಿ ತೋಡಿದ ಹಾಗೆಯೇ. ಮೊದಲು ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನಲ್ಲಿ ಬಂದಿತ್ತು ಅಂತ ಕೇಳಿ. ಬಿಲ್ಲು, ಹಳೆಯ ಚೀಟಿ, ಲಕೋಟೆ ಎಲ್ಲ ಜೋಪಾನ ಮಾಡಿ.

ಮೊದಲ ನಾಣ್ಯ ಯಾವುದು ಕೊಳ್ಳಲಿ?

ವರ್ಷವೂ ಟಂಕಸಾಲೆಯೂ ಸ್ಪಷ್ಟವಾಗಿ ಓದಲು ಬರುವ ಎರಡನೇ ಖುಸ್ರೋ ಡ್ರಾಕ್ಮ್. ಮುಖ ಎಷ್ಟು ಚೆಂದ ಇದೆ ಅಂತ ನೋಡಿ ಮರುಳಾಗಬೇಡಿ. ಹಿಂಬದಿ ಚೆನ್ನಾಗಿರುವುದನ್ನು ಆರಿಸಿ. ಆಮೇಲೆ ಪೇರೋಜ್, ಆಮೇಲೆ ಒಂದು ಗಧೈಯಾ. ಮೂರನ್ನೂ ಸಾಲಾಗಿ ಇಟ್ಟರೆ ಮನೆಯ ಮಕ್ಕಳಿಗೆ ಒಂದು ಸಂಜೆಯ ಕಥೆಯಾಗುತ್ತದೆ. ಲಾಭಕ್ಕೆ ಕೊಳ್ಳುವುದಾದರೆ ನನ್ನ ಸಲಹೆ ಬೇಡ ಎಂಬುದೇ. ಖುಸ್ರೋ ನಾಣ್ಯಗಳು ಲೆಕ್ಕವಿಲ್ಲದಷ್ಟಿವೆ, ಹೊಸ ನಿಧಿ ಸಿಕ್ಕರೆ ಬೆಲೆ ಇಳಿಯುತ್ತದೆ.

ನನ್ನ ನಾಣ್ಯದ ವರ್ಷ ಎಷ್ಟು ನೋಡಿದರೂ ಓದಲು ಆಗುತ್ತಿಲ್ಲ. ಏನು ಮಾಡಲಿ?

ಬೆಳಕು ಬದಲಿಸಿ. ಮೇಲಿಂದ ಬೀಳುವ ಬೆಳಕಿನಲ್ಲಿ ತೆಳು ಅಕ್ಷರಗಳು ಮಾಯವಾಗುತ್ತವೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟದಲ್ಲಿ ಪಕ್ಕದಿಂದ ಹಿಡಿಯಿರಿ. ನಾಣ್ಯವನ್ನು ನಿಧಾನಕ್ಕೆ ಸುತ್ತಲೂ ತಿರುಗಿಸುತ್ತಾ ಮೊಬೈಲಿನಲ್ಲಿ ಏಳೆಂಟು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಆ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ನಕಲು ಮಾಡಿ, ವರ್ಷಗಳ ಪಟ್ಟಿಯ ಪಕ್ಕದಲ್ಲಿಟ್ಟು ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಹೋಲಿಸಿ. ಅವತ್ತು ಬರದಿದ್ದರೆ ಮುಚ್ಚಿಟ್ಟು ನಾಳೆ ಬೆಳಗ್ಗೆ ಕಿಟಕಿಯ ಹತ್ತಿರ ಕೂತು ನೋಡಿ. ನನ್ನ ಮೂವತ್ತಾರು ಸಿಕ್ಕಿದ್ದು ನಾಲ್ಕನೇ ದಿನ.